ಕೋಟು ತೊಟ್ಟವರು ಲೆಕ್ಕಕ್ಕಿಲ್ಲ

ಕರ್ಟಿಸ್‌ನಂಥ ಶಿಸ್ತಿನ ಪಾದಚಾರಿ ಇಡೀ ಮಿಶಿಗನ್ ರಾಜ್ಯದಲ್ಲಿ ಇನ್ನೊಬ್ಬನಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹಾಜರು, ಸಂಜೆ ನಾಲ್ಕಕ್ಕೆ ಗೂಡಿಗೆ. ಮೈಮೇಲೆ ಕಪ್ಪು ತುಂಬುತೋಳಿನ ಅಂಗಿ, ಕಾಲಿಗೆ ನೀಲಿ ಪ್ಯಾಂಟು, ಮಳೆಯಿರಲಿ ಬಿಸಿಲಿರಲಿ ಅದೇ ವೇಷ. ಫೋನು ನೋಡುತ್ತ ನಡೆಯುವ ಚಟವಿಲ್ಲ, ಕುಡಿದು ತೂರಾಡುವ ಅಭ್ಯಾಸವಿಲ್ಲ. ಪುಟ್ಟ ಗಾಡಿಯ ಮೇಲೆ ನಿಂತು, ಎರಡೂ ಕಾಲು ಆಡಿಸುತ್ತ, ಗಂಟೆಗೆ ಮೂರು ಮೈಲಿಯಂತೆ ರಸ್ತೆ ದಾಟುತ್ತಿದ್ದ. ಎದುರಿಗೆ ಬಂದ ಕಾರು ತಾನಾಗಿ ಬ್ರೇಕು ಹಾಕಿ ನಿಂತರೆ ಕಾರು ಪಾಸು. ನಿಲ್ಲದಿದ್ದರೆ ಕರ್ಟಿಸ್ ಆಕಾಶಕ್ಕೆ. ಹಾಗೆ ಆಕಾಶಕ್ಕೆ ಹೋಗಿ ಬಿದ್ದ ಗೊಂಬೆಯನ್ನು ಹೆಕ್ಕಿ ತಂದು, ತಲೆ ಸಿಕ್ಕಿಸಿ, ಹರಿದಲ್ಲಿ ಹೊಲಿದು, ಬಟ್ಟೆ ತೊಡಿಸಿ ಮತ್ತೆ ನಿಲ್ಲಿಸುವ ಕೆಲಸ ಆರ್ಲೀನ್ ಡೆಕ್ಕರಳದು. ಹತ್ತೊಂಬತ್ತು ವರ್ಷಗಳಿಂದ ಅವಳದು ಅದೇ ಉದ್ಯೋಗ. ಕಟ್ಟಿಕೊಂಡ ಗಂಡನಿಗೂ ಅಷ್ಟು ಸಲ ಗುಂಡಿ ಹಾಕಿಕೊಟ್ಟವಳಲ್ಲ.

ಬ್ರಾಂಟ್‌ವಿಲ್ ಊರಾಚೆಯ ಆ ಸಂಶೋಧನಾ ಸಂಸ್ಥೆ ನಡೆಯುತ್ತಿದ್ದುದು ಆರು ಕಾರು ಕಂಪನಿಗಳ ಕೃಪೆಯಿಂದ. ಆರೂ ಕಂಪನಿಯ ಕಾರುಗಳಿಗೆ ಕಣ್ಣು ಮಾಡಿಕೊಡುವವನು ಒಬ್ಬನೇ. ಕಣ್ಣೆಂದರೆ ಮುಂದೆ ಮನುಷ್ಯನಿದ್ದಾನೋ ಮರವಿದೆಯೋ ನೋಡಿ ಬ್ರೇಕು ಹಾಕಿಸುವ ಕ್ಯಾಮೆರಾ. ಆ ಕಣ್ಣನ್ನು ಪರೀಕ್ಷೆ ಮಾಡುವುದು, ಬಂದ ಫಲಿತಾಂಶವನ್ನು ಲೋಕದ ಜೊತೆ ಹಂಚಿಕೊಳ್ಳುವುದು, ಇಷ್ಟೇ ಸಂಸ್ಥೆಯ ಕೆಲಸ. ಹಂಚುವುದಕ್ಕೂ ಒಬ್ಬ ನಿರ್ದೇಶಕನಿದ್ದ, ಡಾಕ್ಟರ್ ಬ್ರ್ಯಾಡ್‌ಫರ್ಡ್ ಸಿಲ್‌ಮನ್. ಹಂಚುವುದಕ್ಕೊಬ್ಬ ನಿರ್ದೇಶಕ ಯಾಕೆ ಎಂದು ಕೇಳಬೇಡಿ. ಪಾಯಸ ಬಡಿಸುವವನಿಗೆ ಗೋಡಂಬಿ ಯಾರ ಎಲೆಗೆ ಬೀಳಬೇಕು, ಬರೀ ಗಂಜಿ ಯಾರ ಎಲೆಗೆ ಎಂಬುದು ಗೊತ್ತಿರಬೇಕಲ್ಲ! ಸಿಲ್‌ಮನ್‌ಗೆ ಅದು ಚೆನ್ನಾಗಿ ಗೊತ್ತಿತ್ತು.

ಇನ್ನು ನವೆಂಬರ್ ಹದಿನಾಲ್ಕರ ಕಥೆ. ಮಿಶಿಗನ್ನಿನಲ್ಲಿ ಹದಿನೈದನೇ ತಾರೀಖು ಜಿಂಕೆ ಬೇಟೆಯ ಮೊದಲ ದಿನ. ಆ ದಿನ ಮದುವೆ ಇಟ್ಟುಕೊಂಡರೆ ಮದುಮಗನೇ ಬರುವುದಿಲ್ಲ, ಹೆಣ ಬಿದ್ದರೆ ಹೊರುವವರು ಸಿಗುವುದಿಲ್ಲ. ಹದಿನಾಲ್ಕರ ಮಧ್ಯಾಹ್ನಕ್ಕೇ ಅರ್ಧ ಸಂಸ್ಥೆ ಬಂದೂಕು ಹೇರಿಕೊಂಡು ಉತ್ತರದ ಕಾಡಿನ ದಾರಿ ಹಿಡಿದಿತ್ತು. ಪರೀಕ್ಷೆಯ ದಾರಿಯಲ್ಲಿ ಉಳಿದವರು ಆರ್ಲೀನ್ ಮತ್ತು ಕಾರು ಓಡಿಸುವ ಲೈಲ್ ಇಬ್ಬರೇ. ಲೈಲ್‌ನ ಪಿಕಪ್ಪಿನಲ್ಲೂ ಬಂದೂಕು, ಡೇರೆ, ಬಿಯರು ಎಲ್ಲ ಸಜ್ಜಾಗಿದ್ದವು. ಹತ್ತು ಓಟ ಮಾತ್ರ ಬಾಕಿ. ಆಗಲೇ ಕರ್ಟಿಸ್‌ನ ಪ್ಯಾಂಟು ಸೊಂಟದಿಂದ ಮಂಡಿಯವರೆಗೆ ಪರ್ ಎಂದು ಹರಿಯಿತು. ಬೇರೆ ಪ್ಯಾಂಟು ಉಗ್ರಾಣದಲ್ಲಿ, ಉಗ್ರಾಣದ ಬೀಗದಕೈ ಉಗ್ರಾಣದವನ ಜೇಬಿನಲ್ಲಿ, ಉಗ್ರಾಣದವನು ಕಾಡಿನಲ್ಲಿ.

"ಏನಾದ್ರೂ ಸುತ್ತು ಮಾರಾಯ್ತಿ," ಅಂದ ಲೈಲ್. "ಬರಿಮೈಲಿ ನಿಲ್ಸಿದ್ರೂ ನಂಗೇನೂ ನಾಚಿಕೆ ಇಲ್ಲ. ಕತ್ಲೆ ಆಗೋಕ್ಕೆ ಮುಂಚೆ ನಾನು ಕಾಡಿನ ದಾರೀಲಿರೋ ಸೇತುವೆ ದಾಟ್ಬೇಕು."

ಆರ್ಲೀನಳ ಕಾರಿನ ಹಿಂದೆ ಅಕ್ಕ ಟ್ರೂಡಿಯ ಹಳೆಯ ಚಳಿಕೋಟು ಬಿದ್ದಿತ್ತು. ಚರ್ಚಿಗೆ ದಾನ ಕೊಡಲೆಂದು ಇಟ್ಟಿದ್ದದ್ದು. ಮೊಣಕಾಲಿನ ಕೆಳಗಿನವರೆಗೂ ಬರುವ, ಒಳಗೆ ಗರಿ ತುಂಬಿ ಉಬ್ಬಿದ ಕೋಟು. ಚಳಿಗಾಲದಲ್ಲಿ ಆ ಸೀಮೆಯ ಹೆಂಗಸರು, ಗಂಡಸರು, ಮಕ್ಕಳು ಎಲ್ಲರೂ ಹಾಕುವಂಥದೇ. ಅದನ್ನು ಕರ್ಟಿಸ್‌ಗೆ ತೊಡಿಸಿ, ಗುಂಡಿ ಹಾಕಿ, ಬಾವುಟ ಬೀಸಿದಳು.

ಕಾರು ಬಂತು. ನಿಲ್ಲಲಿಲ್ಲ. ಕರ್ಟಿಸ್ ಎರಡು ಲಾಗ ಹಾಕಿ ದಾರಿಯಾಚೆ ಬಿದ್ದ.

"ಮತ್ತೊಂದ್ಸಲ," ಅಂದ ಲೈಲ್.

ಮತ್ತೊಂದು ಸಲವೂ ಅದೇ. ಮೂರನೆಯದೂ ಅದೇ. ನಾಲ್ಕನೆಯ ಸಲ ತಲೆ ಹಾರಿ ಪಕ್ಕದ ಜೋಳದ ಹೊಲಕ್ಕೆ ಹೋಯಿತು. ಹತ್ತು ಓಟದಲ್ಲಿ ಒಂಬತ್ತು ಸಲ ಕಾರು ಗುದ್ದಿತು. ಆರನೆಯ ಸಲ ಮಾತ್ರ ಗಾಳಿಗೆ ಕೋಟು ಹಾರಿ ಕಾಲು ಕಂಡಿದ್ದರಿಂದ ನಿಂತಿತು. ಲೈಲ್ ಇಳಿದು ಬಂದ. ಕಾಡಿನ ಅವಸರವೆಲ್ಲ ಅವನ ಮುಖದಿಂದ ಇಳಿದುಹೋಗಿತ್ತು. ಇಬ್ಬರೂ ಕಾರಿನ ಗಣಕದಲ್ಲಿ ನೋಡಿದರು. ಎದುರಿಗಿರುವುದು ಏನೆಂದು ಕಾರು ತಿಳಿದಿತ್ತು ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಒಂಬತ್ತು ಸಲವೂ ಒಂದೇ ಪದ: ಅಂಚೆಪೆಟ್ಟಿಗೆ.

ಇಷ್ಟು ವರ್ಷ ಆ ಕಣ್ಣು ಕಲಿತದ್ದು ಮನುಷ್ಯರನ್ನಲ್ಲ, ಕರ್ಟಿಸ್‌ನನ್ನು! ಆಡುವ ಎರಡು ಕಾಲು ಕಂಡರೆ ಮನುಷ್ಯ, ಕಾಣದಿದ್ದರೆ ರಸ್ತೆಬದಿಯ ಅಂಚೆಪೆಟ್ಟಿಗೆ, ಅದಕ್ಕೆ ಬ್ರೇಕು ಬೇಕಿಲ್ಲ. ವರ್ಷದಲ್ಲಿ ಐದು ತಿಂಗಳು ಹಿಮ ಬೀಳುವ ನಾಡಿನಲ್ಲಿ ಕೂತು, ಐದು ತಿಂಗಳು ಕೋಟು ತೊಟ್ಟೇ ಕೆಲಸಕ್ಕೆ ಬಂದು, ಗೊಂಬೆಗೆ ಒಂದು ದಿನ ಕೋಟು ಹಾಕಿ ನೋಡೋಣ ಎಂದು ಒಬ್ಬ ವಿದ್ವಾಂಸನಿಗಾದರೂ ಹೊಳೆಯಬಾರದೇ? ಹೊಳೆಯಲಿಲ್ಲ. ನಿಯಮದ ಪುಸ್ತಕದಲ್ಲಿ ಅಂಗಿ ಪ್ಯಾಂಟು ಅಂತ ಇತ್ತು, ಅಂಗಿ ಪ್ಯಾಂಟು ಹಾಕಿದರು.

ಬೇಟೆಯ ರಜೆ ಮುಗಿದ ಮೊದಲ ದಿನವೇ ಆರ್ಲೀನ್ ಸಿಲ್‌ಮನ್‌ನ ಕೋಣೆಗೆ ಹೋದಳು. ಅವನು ಅವಳು ಕೊಟ್ಟ ಲೆಕ್ಕದ ಕಾಗದ ಓದಿದ, ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ಆರ್ಲೀನ್, ಮೊದ್ಲಿಗೆ ತುಂಬಾ ಥ್ಯಾಂಕ್ಸ್. ನಿಮ್ಮ ಕಳಕಳಿ ನಂಗೆ ಬಹಳ ಮುಖ್ಯ."

"ಕಳಕಳಿ ಅಲ್ಲ ಡಾಕ್ಟರ್, ಲೆಕ್ಕ. ಹತ್ತಕ್ಕೆ ಒಂಬತ್ತು."

"ಬ್ರ್ಯಾಡ್ ಅನ್ನಿ, ಬ್ರ್ಯಾಡ್. ನೋಡಿ, ಈ ಓಟಗಳು ಅಸಿಂಧು. ಗೊಂಬೆ ನಿಯಮದ ಉಡುಪಿನಲ್ಲಿರ್ಲಿಲ್ಲ."

"ಜನವೂ ಇರಲ್ವಲ್ಲ!"

"ಜನರ ಮೇಲೆ ನಾವು ಪರೀಕ್ಷೆ ಮಾಡಲ್ಲ," ಅಂದ ಸಿಲ್‌ಮನ್, ಬಹಳ ಮರ್ಯಾದೆಯಿಂದ. "ಕೋಟನ್ನ ನಿಯಮದ ಉಡುಪಿಗೆ ಸೇರಿಸ್ಬೇಕು ಅಂದ್ರೆ ಉಡುಪು ಉಪಸಮಿತಿ ಇದೆ. ಅರ್ಜಿ ಹಾಕಿ. ನಾಲ್ಕು ವರ್ಷದಲ್ಲಿ ಒಂದು ತೀರ್ಮಾನಕ್ಕೆ ಬರ್ತಾರೆ."

"ಜನವರಿಲಿ ಊರ ಮಂಡಳಿ ಮತ ಹಾಕತ್ತೆ ಬ್ರ್ಯಾಡ್."

"ಅದಕ್ಕೇ ಹೇಳ್ತಿರೋದು," ಅಂದ ಅವನು ಪಿಸುದನಿಯಲ್ಲಿ, "ಈಗ ಗೊಂದಲ ಎಬ್ಬಿಸೋ ಹೊತ್ತಲ್ಲ."

ಆ ಮತದ ವಿಷಯ ಇಷ್ಟು: ಬ್ರಾಂಟ್‌ವಿಲ್ಲಿನ ಪ್ರಾಥಮಿಕ ಶಾಲೆಯ ಸುತ್ತ ಐದು ಕಡೆ, ಬೆಳಿಗ್ಗೆ ಸಂಜೆ ಕೈಯಲ್ಲಿ ಕೆಂಪು ಫಲಕ ಹಿಡಿದು ಕಾರು ನಿಲ್ಲಿಸಿ ಮಕ್ಕಳನ್ನು ದಾಟಿಸುವವರಿದ್ದರು. ಕಾರುಗಳೇ ಬುದ್ಧಿವಂತವಾದ ಮೇಲೆ ಇವರೇಕೆ ಎಂದು ಮಂಡಳಿಗೆ ಅನ್ನಿಸಿತ್ತು. ರಾಜ್ಯದಲ್ಲೇ ಮೊದಲ ಕಾವಲಿಲ್ಲದ ಶಾಲಾಬೀದಿ ಎಂದು ಬೋರ್ಡು ಹಾಕಿಸುವ ಹಂಬಲ ಮಂಡಳಿಯ ಅಧ್ಯಕ್ಷ ಗಾರ್ಡನ್ ಹಾಕ್‌ಗೆ. ಸಂಸ್ಥೆಯ ಫಲಿತಾಂಶ ಕೇಳಿ, ಅದೇ ಸಂಜೆ ಮತ ಹಾಕಿ ಐವರನ್ನೂ ಮನೆಗೆ ಕಳಿಸುವುದೆಂದು ನಿಗದಿಯಾಗಿತ್ತು. ಆ ಐವರಲ್ಲಿ ಒಬ್ಬಳು ಟ್ರೂಡಿ. ಕಾವಲು ಹೋದರೆ, ಮರುದಿನದಿಂದ ಇನ್ನೂರಕ್ಕೂ ಹೆಚ್ಚು ಮಕ್ಕಳು, ಕಾಲು ಕಾಣದ ಉಬ್ಬುಕೋಟು ತೊಟ್ಟು, ಆ ಕಣ್ಣುಗಳ ಮುಂದೆ ತಾವೇ ದಾಟಬೇಕು. 

ಡಿಸೆಂಬರಿನಲ್ಲಿ ಹಂಚಿಕೆಯ ಪೂರ್ವಸಭೆ ನಡೆಯಿತು. ಪೂರ್ವಸಭೆಗೊಂದು ಪೂರ್ವಸಭೆ ಅದಾಗಲೇ ನಡೆದಿತ್ತು. ಹಂಚಿಕೆಯ ದಿನ ಯಾರಿಗೂ ಏನೂ ಹೊಸದು ಗೊತ್ತಾಗಬಾರದು ಎಂಬುದು ಆ ಸಂಸ್ಥೆಯ ಮೊದಲ ನಿಯಮ. ಆರು ಕಂಪನಿಯ ಆರು ಪ್ರತಿನಿಧಿಗಳು ಮೇಜಿನ ಸುತ್ತ ಡೋನಟ್ ಮುರಿಯುತ್ತ ಕೂತಿದ್ದರು. ಮೇಜಿನ ತುದಿಯಲ್ಲಿ ಆರ್ಲೀನ್, ಕೇಳಿದರೆ ಮಾತ್ರ ಮಾತಾಡಬೇಕು ಎಂಬ ಕರಾರಿನ ಮೇಲೆ.

ಅವಳು ಬರೆದಿದ್ದ ವಾಕ್ಯ ಗೋಡೆಯ ಮೇಲೆ ಬಿತ್ತು: ಕೋಟು ತೊಟ್ಟವರನ್ನು ಕಾರು ಹತ್ತರಲ್ಲಿ ಒಂಬತ್ತು ಸಲ ಗುದ್ದಿತು.

"ಗುದ್ದಿತು ಅನ್ನೋದು ಸ್ವಲ್ಪ ಭಾವುಕ ಆಯ್ತು," ಅಂದ ಮೊದಲ ಪ್ರತಿನಿಧಿ. 'ಸಂಪರ್ಕ ಉಂಟಾಯಿತು' ಎಂದಾಯಿತು.

"ಒಂಬತ್ತನ್ನೇ ಯಾಕೆ ಹೇಳ್ಬೇಕು? ಒಂದು ಸಲ ನಿಂತಿದ್ಯಲ್ಲ, ಪಾಪ," ಅಂದಳು ಎರಡನೆಯವಳು. 'ಕೋಟಿನ ಸಂದರ್ಭದಲ್ಲೂ ಕಾರು ಯಶಸ್ವಿಯಾಗಿ ನಿಂತ ನಿದರ್ಶನವಿದೆ' ಎಂದಾಯಿತು.

"ಕೋಟು ಅಂದ ತಕ್ಷಣ ಜನ ಚಳಿಗಾಲ ಅಂದ್ಕೋತಾರೆ," ಅಂದ ಮೂರನೆಯವನು. ಕೋಟು ಹೋಗಿ 'ಋತುಮಾನದ ಉಡುಪು' ಬಂತು.

ಹೀಗೆ ಆರು ಜನ ಆರು ಕಡೆಯಿಂದ ಹೆರೆದು ಹೆರೆದು, ಸಂಜೆಗೆ ಉಳಿದದ್ದು ಒಂದು ಅಡಿಟಿಪ್ಪಣಿ. ವರದಿಯ ಎಂಬತ್ತೇಳನೇ ಪುಟದಲ್ಲಿ, ಇರುವೆಗಾತ್ರದ ಅಕ್ಷರದಲ್ಲಿ: ಋತುಮಾನದ ಉಡುಪಿನ ಕುರಿತು ಹೆಚ್ಚಿನ ಅಧ್ಯಯನಕ್ಕೆ ಅವಕಾಶವಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರನ್ನು ನೀವು ಕಂಡಿರಬಹುದು. ಇವರು ದೀಪವನ್ನೇ ಆರಿಸಿ, ಬರೀ ಗೋಡೆ ತೋರಿಸಿದರು.

"ಎಲ್ರಿಗೂ ಸಮಾಧಾನನಾ?" ಅಂದ ಸಿಲ್‌ಮನ್.

"ನಂಗಿಲ್ಲ," ಅಂದಳು ಆರ್ಲೀನ್.

ಆರೂ ಜನ ತಿರುಗಿ ನೋಡಿದರು. ಕುರ್ಚಿಯೊಂದು ಮಾತಾಡಿದ್ದರೂ ಅವರಿಗೆ ಅಷ್ಟೇ ಆಶ್ಚರ್ಯವಾಗುತ್ತಿತ್ತು.

"ಅದನ್ನ ಟಿಪ್ಪಣಿ ಮಾಡ್ಕೊಂಡಿದ್ದೀವಿ," ಅಂದ ಸಿಲ್‌ಮನ್. ಆಮೇಲೆ ಮೊಗಸಾಲೆಯಲ್ಲಿ ಅವಳನ್ನು ನಿಲ್ಲಿಸಿ, ಇನ್ನೂ ಮರ್ಯಾದೆಯಿಂದ ಹೇಳಿದ: "ಒಪ್ಪಂದಕ್ಕೆ ಸಹಿ ಮಾಡಿದ್ದೀರಿ, ನೆನಪಿದೆ ತಾನೆ? ಹೊರಗೆ ಮಾತಾಡಿದ್ರೆ ಕೆಲ್ಸವೂ ಹೋಗತ್ತೆ, ಪಿಂಚಣಿಯೂ ಹೋಗತ್ತೆ. ಇನ್ನೆರಡು ವರ್ಷ ಅಲ್ವಾ ನಿಮ್ದು?"

ಆ ಭಾನುವಾರ ಟ್ರೂಡಿಯ ಅಡುಗೆಮನೆಯಲ್ಲಿ ಅಕ್ಕತಂಗಿಯರು ಲೈಲ್ ಕೊಟ್ಟ ಜಿಂಕೆಮಾಂಸದ ಸಾರು ಸುರಿದುಕೊಂಡು ಕೂತರು. ಒಪ್ಪಂದ ಏನಿದ್ದರೂ ಒಡಹುಟ್ಟಿದವಳ ಹತ್ತಿರ ಮುಚ್ಚಿಡಲಾದೀತೇ? ಆರ್ಲೀನ್ ಎಲ್ಲ ಹೇಳಿದಳು. ಟ್ರೂಡಿಗೆ ಅರವತ್ತೊಂದು, ಬಾಯಿ ಮಾತ್ರ ಇಪ್ಪತ್ತರದು.

"ಅಂದ್ರೆ ಹದಿನಾಲ್ಕು ವರ್ಷದಿಂದ ಆ ರಸ್ತೆಲಿ ನಿಂತಿರೋದು ಅಂಚೆಪೆಟ್ಟಿಗೆ! ಅದಕ್ಕೇ ಕಣೇ, ಒಂದು ಪ್ರೇಮಪತ್ರವಾದ್ರೂ ಬರತ್ತಾ ಅಂತ ಕಾದಿದ್ದೇ ಬಂತು."

"ನಗಬೇಡ್ವೇ. ನಿನ್ನ ಕೆಲ್ಸ ಹೋಗತ್ತೆ."

"ಹೋಗ್ಲಿ ಬಿಡೆ. ಮಂಡಿ ನೋವಲ್ಲಿ ಹಿಮದೊಳಗೆ ನಿಲ್ಲೋದು ನಂಗೇನು ತೀರ್ಥಯಾತ್ರೆನಾ? ಗಾರ್ಡನ್ ನನ್ನ ಕಳಿಸಿದ್ರೆ ಫ್ಲಾರಿಡಾಕ್ಕೆ ಹೋಗಿ ಕಾಲು ಚಾಚ್ಕೊಂಡು ಮಲಗ್ತೀನಿ." ಟ್ರೂಡಿ ಚಮಚ ಕೆಳಗಿಟ್ಟಳು. "ಆದ್ರೆ ಆ ಮಕ್ಕಳು ಆರ್ಲೀನ್... ಒಂದನೇ ಕ್ಲಾಸಿನವು ಕೋಟು ಹಾಕ್ಕೊಂಡ್ರೆ ಮುಖವೇ ಕಾಣಲ್ಲ. ಮೂಗಿನ ತುದಿ ಒಂದು ಕಾಣತ್ತೆ ಅಷ್ಟೆ. ನೀನು ಗಾರ್ಡನ್‌ಗೆ ಹೇಳೇ."

"ಹೇಳಿದ್ರೆ ಪಿಂಚಣಿ ಹೋಗತ್ತೆ."

"ಹಾಗಾದ್ರೆ ನಾನೇ ಹೇಳ್ತೀನಿ ಬಿಡು."

ಹೇಳಿದಳು ಕೂಡ, ದಿನಸಿ ಅಂಗಡಿಯಲ್ಲಿ, ಹಾಲಿನ ಸಾಲಿನ ಮುಂದೆ ಗಾರ್ಡನ್‌ನನ್ನು ಅಡ್ಡಗಟ್ಟಿ. ಅವನು ಅವಳ ಹೆಗಲು ತಟ್ಟಿ ನಕ್ಕ. "ಟ್ರೂಡಿ, ನಿನ್ನ ಸಂಕಟ ಅರ್ಥ ಆಗತ್ತೆ. ಕೆಲ್ಸ ಹೋಗೋ ಹೊತ್ತಲ್ಲಿ ಯಾರಾದ್ರೂ ಹೀಗೇ ಹೇಳ್ತಾರೆ. ಆದ್ರೆ ಅಲ್ಲಿರೋರು ವಿಜ್ಞಾನಿಗಳಮ್ಮಾ." ಅಲ್ಲಿಗೆ ಅದೂ ಮುಗಿಯಿತು.

ಜನವರಿಯ ಎರಡನೇ ಗುರುವಾರ ಹಂಚಿಕೆಯ ದಿನ. ಊರ ಸಭಾಂಗಣದೊಳಗೆ ಬೆಚ್ಚಗೆ, ಹೊರಗೆ ಉಗುಳಿದರೆ ನೆಲ ಮುಟ್ಟುವಷ್ಟರಲ್ಲಿ ಕಲ್ಲಾಗುವ ಚಳಿ. ಸಿಲ್‌ಮನ್ ನಲವತ್ತೆರಡು ಸ್ಲೈಡು ತೋರಿಸಿದ. ಎಲ್ಲವೂ ಹಸಿರು. ಹಸಿರು ಕಂಬಗಳು, ಹಸಿರು ಬಾಣಗಳು, ಹಸಿರು ಹುಲ್ಲಿನ ಮೇಲೆ ನಗುವ ಸಂಸಾರ. ನೂರಕ್ಕೆ ತೊಂಬತ್ತೆಂಟು ಪಾದಚಾರಿಗಳು ಸುರಕ್ಷಿತ ಎಂದಾಗ ಜನ ಚಪ್ಪಾಳೆ ತಟ್ಟಿದರು. ಆ ತೊಂಬತ್ತೆಂಟು ಪಾದಚಾರಿಗಳೂ ಒಬ್ಬನೇ, ಅವನ ಹೆಸರು ಕರ್ಟಿಸ್ ಎಂದು ಯಾರೂ ಹೇಳಲಿಲ್ಲ.

ಸ್ಲೈಡು ಇದ್ದವರು ಮಾತ್ರ ಮಾತಾಡಬೇಕು. ಉಳಿದವರು ಪ್ರಶ್ನೆಯನ್ನು ಹಳದಿ ಚೀಟಿಯಲ್ಲಿ ಬರೆದು ಕೊಡಬೇಕು, ಸಿಲ್‌ಮನ್ ಓದಿ ಉತ್ತರಿಸುತ್ತಾನೆ. ಆರ್ಲೀನ್ ಹಿಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲಿಟ್ಟ ಚೀಟಿ ನೋಡುತ್ತಿದ್ದಳು. ಹತ್ತೊಂಬತ್ತು ವರ್ಷದ ಪಿಂಚಣಿ ಆ ಅಂಗೈಯಗಲದ ಕಾಗದದ ಮೇಲೆ ಕೂತಿತ್ತು. ಹಾಳಾಗಿ ಹೋಗಲಿ ಎಂದು ಬರೆದೇಬಿಟ್ಟಳು: ಕೋಟು ತೊಟ್ಟವರ ಗತಿಯೇನು? ಮಡಚಿ ಮುಂದಿನ ಸಾಲಿಗೆ ದಾಟಿಸಿದಳು.

ಸಿಲ್‌ಮನ್ ಅದನ್ನು ತೆಗೆದ, ಓದಿದ, ಅವಳ ಕಡೆ ಒಮ್ಮೆ ನೋಡಿದ. "ಒಳ್ಳೆ ಪ್ರಶ್ನೆ ಬಂದಿದೆ. ಚಳಿಗಾಲದಲ್ಲೂ ಈ ತಂತ್ರಜ್ಞಾನ ಕೆಲಸ ಮಾಡತ್ತಾ ಅಂತ. ಮಾಡತ್ತೆ. ಬ್ಯಾಟರಿಗೆ ಏನೂ ತೊಂದರೆ ಇಲ್ಲ." ಮತ್ತೆ ಚಪ್ಪಾಳೆ. ಎಂಥಾ ಖದೀಮ ನೋಡಿ! ಆರ್ಲೀನಳ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಪ್ರಾತ್ಯಕ್ಷಿಕೆ. ಎಲ್ಲರೂ ರಸ್ತೆ ದಾಟಿ ಎದುರಿನ ಶಾಲೆಯ ಕಾರು ನಿಲ್ಲಿಸುವ ಬಯಲಿಗೆ ಹೋದರು. ಲೈಲ್ ಕಾರಿನಲ್ಲಿ ಸಿದ್ಧ. ಕರ್ಟಿಸ್ ಹೊಚ್ಚಹೊಸ ಕಪ್ಪು ಅಂಗಿ, ನೀಲಿ ಪ್ಯಾಂಟಿನಲ್ಲಿ ಸಿದ್ಧ. ಅವನ ಮೈಗೆ ಆರ್ಲೀನ್ ಏನನ್ನೂ ತೊಡಿಸದಿರಲೆಂದು ಸಿಲ್‌ಮನ್ ಬೆಳಿಗ್ಗೆಯೇ ಸೊಂಟಕ್ಕೆ ಮೊಹರು ಹಾಕಿಸಿದ್ದ. ಆರ್ಲೀನಳ ಕೈಯಲ್ಲಿ ಬಾವುಟ. ಅವಳು ಬೀಸಿದರೆ ಲೈಲ್ ಹೊರಡಬೇಕು. ಸಂಜೆಯ ಪಾಳಿಗೆ ಬಂದ ಟ್ರೂಡಿ ಫಲಕ ಬಗಲಲ್ಲಿಟ್ಟುಕೊಂಡು ಬೇಲಿಗೆ ಒರಗಿ ನಿಂತಿದ್ದಳು.

ಮೊದಲ ಓಟ ಹೂವೆತ್ತಿದಂತೆ ನಡೆಯಿತು. ಕಾರು ಕರ್ಟಿಸ್‌ನ ಮುಂದೆ ಆರಡಿ ಬಿಟ್ಟು ನಿಂತಿತು. ಜನ ಓಹೋ ಎಂದರು. ಗಾರ್ಡನ್ ಹಾಕ್‌ಗೆ ಆವೇಶ ಬಂತು. ಮುಂದಿನ ಚುನಾವಣೆಗೆ ಹತ್ತೇ ತಿಂಗಳು, ಎದುರಿಗೆ ಪತ್ರಿಕೆಯ ಫೋಟೋದವಳು.

"ಗೊಂಬೆ ಯಾಕ್ರೀ?" ಎಂದು ಕೂಗಿದ. "ಗೊಂಬೆ ಸರಿಸಿ. ನಾನೇ ದಾಟ್ತೀನಿ! ಬ್ರಾಂಟ್‌ವಿಲ್ಲಿನ ಅಧ್ಯಕ್ಷಂಗೆ ತನ್ನ ಮಾತಿನ ಮೇಲೆ ನಂಬಿಕೆ ಇದೆ ಅಂತ ಜನಕ್ಕೆ ಗೊತ್ತಾಗ್ಲಿ!"

ಹೇಳಿದವನೇ ಗೊಂಬೆಯ ಗಾಡಿ ಓಡುವ ಹಳಿ ದಾಟಿ ನಡುದಾರಿಗೆ ಬಂದು ನಿಂತ. ದಪ್ಪ ಮನುಷ್ಯ. ಮೈಮೇಲೆ ಮೀನಖಂಡದವರೆಗೆ ಇಳಿಬಿದ್ದ ಉಬ್ಬುಕೋಟು. ಕೆಳಗೆ ಬೂಟಿನ ಮೂತಿ ಬಿಟ್ಟರೆ ಕಾಲಿನ ಸುಳಿವೇ ಇಲ್ಲ.

ಸಿಲ್‌ಮನ್‌ನ ಮುಖದಿಂದ ಬಣ್ಣ ಇಳಿಯಿತು. "ಗಾರ್ಡನ್, ಅದು... ವಿಮೆಯವರು ಒಪ್ಪಲ್ಲ."

"ನೂರಕ್ಕೆ ತೊಂಬತ್ತೆಂಟು ಅಂದ್ರಲ್ಲ? ನನ್ನ ಡಾಕ್ಟ್ರು ನನ್ನ ಹೃದಯಕ್ಕೆ ಎಪ್ಪತ್ತು ಅಂದಿದ್ದಾರೆ, ಹಾಯಾಗಿದ್ದೀನಿ. ಬರ್ಲಿ ಕಾರು!"

"ಹಾಗಾದ್ರೆ... ಕೋಟು ತೆಗೀರಿ."

"ಈ ಚಳೀಲಿ? ಯಾಕೆ?"

"ಫೋಟೋದಲ್ಲಿ ಚೆನ್ನಾಗಿ ಕಾಣ್ತೀರಿ."

"ನನ್ನ ಹೊಟ್ಟೆ ನೋಡಿದ್ದೀರಾ ಬ್ರ್ಯಾಡ್? ಕೋಟಲ್ಲೇ ಚೆನ್ನಾಗಿ ಕಾಣ್ತೀನಿ."

ಜನ ಗೊಳ್ಳೆಂದು ನಕ್ಕರು. ಆರು ಪ್ರತಿನಿಧಿಗಳು ಮಾತ್ರ ನಗಲಿಲ್ಲ. ಅವರು ಒಬ್ಬೊಬ್ಬರಾಗಿ ಹಿಂದೆ ಸರಿದು, ಜನರ ಬೆನ್ನ ಹಿಂದೆ ಹೋಗಿ, ಆಕಾಶ ನೋಡುತ್ತ ನಿಂತರು. ಸಿಲ್‌ಮನ್ ಒಬ್ಬನೇ ಉಳಿದ. ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವನು ಬೆವರುತ್ತಿದ್ದ. ಆ ಚಳಿಯಲ್ಲಿ ಬೆವರಿದ ಮೊದಲ ಮನುಷ್ಯ ಅವನೇ ಇರಬೇಕು.

"ಆರ್ಲೀನ್," ಅಂದ, ಅವಳ ಕಿವಿಯ ಹತ್ತಿರ ಬಗ್ಗಿ. "ನೀವಾದ್ರೂ ಅವರಿಗೆ ಸ್ವಲ್ಪ... ತಾಂತ್ರಿಕ ಕಾರಣ... ಹೇಳಿ."

ಆರ್ಲೀನ್ ಬಾವುಟವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಎದೆಗೆ ಅವುಚಿಕೊಂಡಿದ್ದಳು. ಭೂಮಿ ಬಾಯಿಬಿಟ್ಟರೂ ಅದನ್ನು ಬೀಸುವವಳಲ್ಲ ಅವಳು. ಲೈಲ್ ಕೂಡ ಎಂದೋ ಕಾರಿನ ಇಂಜಿನ್ ಆರಿಸಿ ಬೀಗದಕೈಯನ್ನು ಜೇಬಿಗೆ ಇಳಿಸಿದ್ದ. ಅದು ಸಿಲ್‌ಮನ್‌ಗೆ ಗೊತ್ತಿರಲಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲವೆಂದು ಆರ್ಲೀನಳಿಗೆ ಅನ್ನಿಸಿತು.

"ನಾನು ಮಾತಾಡೋ ಹಾಗಿಲ್ವಲ್ಲ ಬ್ರ್ಯಾಡ್," ಅಂದಳು. "ನನ್ನ ಹತ್ರ ಸ್ಲೈಡಿಲ್ಲ."

"ಆರ್ಲೀನ್!"

"ಚೀಟಿ ಬೇಕಾದ್ರೆ ಬರೆದುಕೊಡ್ತೀನಿ."

"ಏನ್ರೀ ಅದು ಗುಸುಗುಸು?" ನಡುದಾರಿಯಿಂದ ಗಾರ್ಡನ್ ಕೂಗಿದ. "ಕಾಲು ಮರಗಟ್ತಾ ಇದೆ! ಒಂದು, ಎರಡು..." ಎಂದು ಎಣಿಸುತ್ತ ಹೆಜ್ಜೆ ಎತ್ತಿದ. ಫೋಟೋದವಳು ಮಂಡಿಯೂರಿದಳು. ಯಾರೋ ಕೈ ಚಪ್ಪಾಳೆಯ ತಾಳ ಹಾಕತೊಡಗಿದರು.

"ನಿಲ್ಲಲ್ಲ!" ಸಿಲ್‌ಮನ್ ಕಿರುಚಿದ. ಅಷ್ಟು ದೊಡ್ಡ ದನಿ ಅವನಿಗಿದೆಯೆಂದು ಅವನಿಗೂ ಗೊತ್ತಿರಲಿಲ್ಲ. "ಅದು ನಿಲ್ಲಲ್ಲ ಗಾರ್ಡನ್! ಕೋಟು ಹಾಕಿದ್ರೆ ಅದಕ್ಕೆ ಮನುಷ್ಯ ಅಂತ ಗೊತ್ತಾಗಲ್ಲ! ಗುದ್ದುತ್ತೆ! ಹತ್ತರಲ್ಲಿ ಒಂಬತ್ತು ಸಲ ಗುದ್ದುತ್ತೆ! ಈ ಕಡೆ ಬನ್ರೀ, ದಮ್ಮಯ್ಯ!"

ಚಪ್ಪಾಳೆಯ ತಾಳ ನಿಂತಿತು. ನಿರ್ದೇಶಕನಾದ ಆರು ವರ್ಷದಲ್ಲಿ ಆ ಮನುಷ್ಯ ಹಂಚಿದ ಮೊದಲ ಫಲಿತಾಂಶ ಅದು, ಒಂದು ಅಕ್ಷರವೂ ಹೆರೆಯದೆ.

ಗಾರ್ಡನ್ ಎತ್ತಿದ ಕಾಲನ್ನು ನಿಧಾನವಾಗಿ ಇಳಿಸಿದ. ತನ್ನ ಕೋಟು ನೋಡಿಕೊಂಡ. ಸುತ್ತ ನಿಂತವರ ಕೋಟು ನೋಡಿದ. ಬೇಲಿಯಾಚೆ ಶಾಲೆಯ ಕಿಟಕಿಗಳ ಒಳಗೆ, ಗೂಟಕ್ಕೆ ಸಾಲಾಗಿ ತೂಗುಹಾಕಿದ್ದ ಪುಟ್ಟ ಪುಟ್ಟ ಕೋಟುಗಳು ಕಾಣುತ್ತಿದ್ದವು.

"ಯಾವಾಗಿಂದ ಗೊತ್ತು ಇದು?" ಅಂದ.

ಸಿಲ್‌ಮನ್ ಕನ್ನಡಕ ತೆಗೆದು ಒರೆಸತೊಡಗಿದ.

"ಜಿಂಕೆ ಬೇಟೆಯ ಹಿಂದಿನ ದಿನದಿಂದ," ಅಂದಳು ಆರ್ಲೀನ್. ಪಿಂಚಣಿಯ ನೆನಪೇ ಅವಳಿಗೆ ಬರಲಿಲ್ಲ. "ಎರಡು ತಿಂಗಳಾಯ್ತು."

"ಅದು ವರದಿಯಲ್ಲಿ ಇದೆ," ಸಿಲ್‌ಮನ್ ತೊದಲಿದ. "ಋತುಮಾನದ ಉಡುಪಿನ ಕುರಿತು..."

"ನನ್ನ ಮೊಮ್ಮಗಳು ಎರಡನೇ ಕ್ಲಾಸು ಕಣಯ್ಯಾ!" ಗಾರ್ಡನ್ ಗುಡುಗಿದ. ಶಾಲೆಯ ಕಿಟಕಿಗಳತ್ತ ಕೈ ಚಾಚಿ ತೋರಿಸಿದ. "ಎರಡನೇ ಕ್ಲಾಸು!"

ಗಂಟೆ ಮೂರೂ ಇಪ್ಪತ್ತಾಯಿತು. ಶಾಲೆ ಬಿಟ್ಟಿತು. ಸಭೆ ಮತ್ತೆ ಎದುರಿನ ಸಭಾಂಗಣದಲ್ಲಿ ಸೇರಬೇಕಿತ್ತು, ಮತಕ್ಕೆ. ಎಲ್ಲರೂ ರಸ್ತೆಯ ಅಂಚಿಗೆ ಬಂದರು, ಬಂದು ನಿಂತರು. ಬರುವಾಗ ಫೋನಿನಲ್ಲಿ ಮಾತಾಡುತ್ತ ದಾಟಿ ಬಂದವರೇ ಎಲ್ಲ. ಈಗ ಎಡದಿಂದ ಕಾರು, ಬಲದಿಂದ ಕಾರು, ಸಂಜೆಯ ಸಂಚಾರ. ಒಬ್ಬನೂ ಕಾಲು ಕೆಳಗಿಡಲೊಲ್ಲ. ಸಿಲ್‌ಮನ್ ಒಂದು ಹೆಜ್ಜೆ ಇಟ್ಟು, ಬಂದ ಕಾರನ್ನು ನೋಡಿ, ಕೆಂಡ ತುಳಿದವನಂತೆ ಹಿಂದಕ್ಕೆಳೆದುಕೊಂಡ. ಆರು ಪ್ರತಿನಿಧಿಗಳು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದರು. ಗಾರ್ಡನ್ ಹಾಕ್ ಕೋಟಿನ ಅಂಚನ್ನು ಎರಡೂ ಕೈಯಲ್ಲಿ ಮಂಡಿಯ ಮೇಲಕ್ಕೆ ಎತ್ತಿಹಿಡಿದು, ಕಾಲೆರಡನ್ನೂ ರಸ್ತೆಗೆ ತೋರಿಸುತ್ತ ನಿಂತಿದ್ದ.

ಹಿಂದಿನಿಂದ ಕಲರವ ಬಂತು. ಉಬ್ಬುಕೋಟಿನ ಪಿಳ್ಳೆಗಳ ದಂಡು, ಮೂಗಿನ ತುದಿ ಮಾತ್ರ ಕಾಣುವಂತೆ. ದಂಡಿನ ಮುಂದೆ ಟ್ರೂಡಿ, ಕುಂಟುತ್ತ. ಅವಳು ದೊಡ್ಡವರ ಗುಂಪನ್ನು ಮೊಣಕೈಯಿಂದ ಸರಿಸಿ ರಸ್ತೆಗಿಳಿದಳು, ಕಾರಿನೊಳಗಿನ ಮನುಷ್ಯನ ಕಣ್ಣಿಗೆ ಕಣ್ಣಿಟ್ಟು ಫಲಕ ಎತ್ತಿದಳು. ಆ ಕಾರು ನಿಂತಿತು. ಈ ಕಡೆಯದೂ ನಿಂತಿತು.

"ಮತ ಎಷ್ಟು ಹೊತ್ತಿಗೆ ಗಾರ್ಡನ್?" ಎಂದು ಕೇಳಿದಳು, ತಿರುಗದೆ.

"ಮತಾನಾ? ಯಾವ ಮತ?" ಅಂದ ಗಾರ್ಡನ್, ಕೋಟು ಎತ್ತಿಕೊಂಡೇ. "ಏನಿಲ್ಲ ಟ್ರೂಡಿ. ನೀನು ಎಲ್ಲಿಗೂ ಹೋಗಬೇಡ."

ಸಿಲ್‌ಮನ್ ಸರಕ್ಕನೆ ಮಕ್ಕಳ ಸಾಲಿನೊಳಗೆ ನುಗ್ಗಿ ರಸ್ತೆಗಿಳಿದ. ಟ್ರೂಡಿ ಫಲಕವನ್ನು ಅವನ ಎದೆಗೆ ಅಡ್ಡ ಹಿಡಿದಳು.

"ಮಕ್ಕಳು ಮೊದ್ಲು, ಡಾಕ್ಟ್ರೇ. ನೀವು ಅಲ್ಲಿ ನಿಂತಿರಿ."

"ಎಷ್ಟು ಹೊತ್ತಾಗತ್ತೆ?" ಸಿಲ್‌ಮನ್‌ನ ಹಲ್ಲು ಕಟಕಟ ಅನ್ನುತ್ತಿತ್ತು.

"ಇನ್ನೂರ ಹನ್ನೆರಡು ಮಕ್ಕಳಿದ್ದಾರೆ. ಆಗತ್ತೆ ಅಷ್ಟು ಹೊತ್ತು."

ಅವನು ಹಿಂದೆ ಸರಿದು, ಆರು ಪ್ರತಿನಿಧಿಗಳ ಪಕ್ಕದಲ್ಲಿ, ಕೈಕಟ್ಟಿಕೊಂಡು ನಿಂತ.